ಮೆದುಳಿನ ಕೆಮಿಸ್ಟ್ರಿ ಮ್ಯಾಪು ನಾಲ್ಕು ಪಟ್ಟು ಬೇಗ ಅಂತಾರೆ, ಬಿಲ್ ಯಾರು ಕಟ್ಟೋದು?

ಎರಡು ವರ್ಷದ ಹಿಂದೆ ನಮ್ಮ ದೊಡ್ಡಪ್ಪಂಗೆ ಇದ್ದಕ್ಕಿದ್ದಂಗೆ ಫಿಟ್ಸ್ ಬಂತು. ಎಂಆರ್‌ಐ ಮಾಡಿಸಿದ್ವಿ, ಮೆದುಳಿನ ಬಲಗಡೆ ಮುಂಭಾಗದಲ್ಲಿ ಗೋಲಿ ಗಾತ್ರದ್ದು ಏನೋ ಒಂದು ಕಾಣಿಸ್ತು. ಅದು ಗಡ್ಡೆನೋ ಟಿಬಿ ಗಂಟೋ ಅಂತ ಚಿತ್ರ ನೋಡಿ ಹೇಳಕ್ಕಾಗಲ್ಲ, ಒಂದು ಎಂಆರ್‌ಎಸ್ (ಅದೇ ಮಷೀನಲ್ಲಿ ಮೆದುಳಿನ ಕೆಮಿಸ್ಟ್ರಿ ನೋಡೋ ಸ್ಪೆಕ್ಟ್ರೋಸ್ಕೋಪಿ) ಕೂಡ ಮಾಡಿಸ್ಬಿಡಿ ಅಂತ ಡಾಕ್ಟ್ರು ಚೀಟಿ ಬರೆದ್ರು. ಸರಿ ಅಂತ ಮತ್ತೆ ಮಲಗಿಸಿದ್ರು. ಅಷ್ಟೊತ್ತಿಗೆ ಅರ್ಧ ಗಂಟೆಯಿಂದ ಆ ಸುರಂಗದೊಳಗೆ ಇದ್ದ ಮನುಷ್ಯ, ಮೊದಲೇ ಬೀಡಿ ಸೇದಿ ಸೇದಿ ಗಂಟಲು ಕೆಟ್ಟಿತ್ತು, ಕೆಮ್ಮು ತಡ್ಕೊಳ್ಳೋಕೆ ನೋಡಿದ್ರು ಪಾಪ, ಆಗ್ಲಿಲ್ಲ. ರಿಪೋರ್ಟಿನ ಕೊನೆ ಹಾಳೆಯಲ್ಲಿ ಒಂದಷ್ಟು ಚೌಕ ಚೌಕದ ಬಲೆ, ಪ್ರತಿ ಚೌಕದೊಳಗೂ ಒಂದು ಗ್ರಾಫು, ಎಲ್ಲಾ ಗ್ರಾಫೂ ಗುಂಗುರು ಕೂದಲಿನ ಥರ. ಕೆಳಗೆ ಒಂದು ಸಾಲು: ರೋಗಿ ಅಲುಗಾಡಿದ್ದರಿಂದ ಸ್ಪೆಕ್ಟ್ರೋಸ್ಕೋಪಿ ಓದಲು ಬರುವುದಿಲ್ಲ. ದುಡ್ಡು ಮಾತ್ರ ಪೂರ್ತಿ ಇಸ್ಕೊಂಡ್ರು, ಯಾವ ಆಸ್ಪತ್ರೆ ಅಂತ ಬೇಡ ಬಿಡಿ.

ಅವತ್ತಿಂದ ಈ ವಿಷಯ ನಂಗೆ ಒಂಥರಾ ಹುಚ್ಚು ಹಿಡಿಸ್ತು. ಕಾಯಿಲ್ ಅರೇ (ತಲೆ ಸುತ್ತ ಜೋಡಿಸಿದ ಸಣ್ಣ ಸಣ್ಣ ಆಂಟೆನಾಗಳ ಗುಂಪು) ಬಳಸಿ ಮೆದುಳಿನ ಸ್ಪೆಕ್ಟ್ರೋಸ್ಕೋಪಿ ಮ್ಯಾಪನ್ನ ನಾಲ್ಕು ಪಟ್ಟು ಬೇಗ, ಹತ್ತು ಪಟ್ಟು ಬೇಗ ತೆಗೀಬಹುದು ಅಂತ ಎಲ್ಲಿ ನೋಡಿದ್ರೂ ಬರ್ತಿರತ್ತೆ. ಹಂಗಾದ್ರೆ ದೊಡ್ಡಪ್ಪನ ಸ್ಕ್ಯಾನ್ ಯಾಕೆ ಹಂಗಾಯ್ತು ಅನ್ನೋದು ನನ್ನ ಪ್ರಶ್ನೆ ಆಗಿತ್ತು. ಓದ್ತಾ ಓದ್ತಾ ಗೊತ್ತಾಗಿದ್ದು ಏನಂದ್ರೆ, ಬೇಗ ಅನ್ನೋದು ಸುಳ್ಳಲ್ಲ, ಆದ್ರೆ ಅದು ಫ್ರೀ ಅಲ್ಲ. ಬಿಲ್ ಬೇರೆ ಕಡೆಯಿಂದ ಬರತ್ತೆ.

ಮೊದ್ಲು ಈ ಎಂಆರ್‌ಎಸ್ ಏನು ಅಂತ ನೋಡಣ. ಮಾಮೂಲಿ ಎಂಆರ್‌ಐ ನೋಡೋದು ನೀರನ್ನ, ಮತ್ತೆ ಸ್ವಲ್ಪ ಕೊಬ್ಬನ್ನ. ಎರಡರಲ್ಲೂ ಇರೋ ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ಮ್ಯಾಗ್ನೆಟ್ ಒಳಗೆ ಒಂದು ಫ್ರೀಕ್ವೆನ್ಸಿಯಲ್ಲಿ ಹಾಡ್ತವೆ, 3 ಟೆಸ್ಲಾ (ಟೆಸ್ಲಾ ಅಂದ್ರೆ ಮ್ಯಾಗ್ನೆಟ್ ಬಲದ ಅಳತೆ) ಮಷೀನಲ್ಲಾದ್ರೆ ಸುಮಾರು 128 ಮೆಗಾಹರ್ಟ್ಸ್, ಅಂದ್ರೆ ಎಫ್‌ಎಂ ರೇಡಿಯೋ ಮುಗಿಯೋ ಜಾಗದಿಂದ ಇನ್ನೊಂಚೂರು ಮೇಲೆ. ಅದೇ ಹೈಡ್ರೋಜನ್ ಬೇರೆ ಮಾಲಿಕ್ಯೂಲ್ ಒಳಗೆ ಕೂತಿದ್ರೆ ಅದರ ಶ್ರುತಿ ಒಂದು ಕೂದಲೆಳೆಯಷ್ಟು ಬದಲಾಗತ್ತೆ, ಹತ್ತು ಲಕ್ಷದಲ್ಲಿ ಒಂದೆರಡು ಭಾಗ ಅಷ್ಟೇ, ಆ ಒಂದೊಂದು ಭಾಗಕ್ಕೆ ಪಿಪಿಎಂ ಅಂತ ಹೆಸರು. ಇದನ್ನ ಕೆಮಿಕಲ್ ಶಿಫ್ಟ್ ಅಂತಾರೆ. 1951ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆಲ್ಕೋಹಾಲ್‌ನ ಮೂರು ಬೇರೆ ಬೇರೆ ಹೈಡ್ರೋಜನ್ ಗುಂಪು ಮೂರು ಬೇರೆ ಗೆರೆಯಾಗಿ ಕಾಣಿಸ್ತವೆ ಅಂತ ತೋರಿಸಿದ ಪ್ರಸಿದ್ಧ ಪೇಪರ್‌ಗೆ ಹೆಸರು ಹಾಕಿದ ಮೂರು ಜನರಲ್ಲಿ ಒಬ್ರು ಎಸ್. ಎಸ್. ಧರ್ಮಟ್ಟಿ, ಆಮೇಲೆ ಮುಂಬೈಯ ಟಿಐಎಫ್‌ಆರ್‌ನಲ್ಲಿ ಎನ್‌ಎಂಆರ್, ಅಂದ್ರೆ ನ್ಯೂಕ್ಲಿಯಸ್‌ಗಳ ಈ ಹಾಡು ಕೇಳೋ ವಿದ್ಯೆಯ ಕೆಲಸ ಶುರು ಮಾಡಿದವರು. ಧರ್ಮಟ್ಟಿ ಅಂದ್ರೆ ಗೋಕಾಕ್ ಕಡೆಯವರ ಕಿವಿ ನೆಟ್ಟಗಾಗತ್ತೆ, ಅದು ಅಲ್ಲಿನ ಊರಿನ ಹೆಸರು. ಅದೇ 1951ರಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಜಿ. ಸೂರ್ಯನ್ ಹರಿಯೋ ನೀರಲ್ಲಿ ಎನ್‌ಎಂಆರ್ ಸಿಗ್ನಲ್ ಹೆಂಗೆ ಬದಲಾಗತ್ತೆ ಅಂತ ಪೇಪರ್ ಬರೆದ್ರು. ಎಂಆರ್‌ಐ ಅನ್ನೋ ಪದಾನೇ ಹುಟ್ಟದಿದ್ದ ಕಾಲ. ಇದೆಲ್ಲ ಪಕ್ಕದ ದಾರಿ, ಆದ್ರೂ ಹೇಳ್ದೆ ಇರಕ್ಕಾಗಲ್ಲ.

ಮೆದುಳಲ್ಲಿ ಹಿಂಗೆ ಗೆರೆ ಹುಡುಕಿದ್ರೆ ಏನೇನು ಸಿಗತ್ತೆ? 2.0 ಪಿಪಿಎಂ ಹತ್ರ ಎನ್‌ಎಎ, ಇದು ನ್ಯೂರಾನ್‌ಗಳು ಚೆನ್ನಾಗಿವೆ ಅನ್ನೋದರ ಗುರುತು. 3.0ರಲ್ಲಿ ಕ್ರಿಯಾಟಿನ್. 3.2ರಲ್ಲಿ ಕೋಲೀನ್, ಜೀವಕೋಶದ ಪೊರೆ ಕಟ್ಟೋದು ಒಡೆಯೋದು ಜೋರಾಗಿ ನಡೀತಿದ್ರೆ ಇದು ಏರತ್ತೆ, ಅದಕ್ಕೇ ಗಡ್ಡೆಯಲ್ಲಿ ಕೋಲೀನ್ ಮೇಲೆ ಎನ್‌ಎಎ ಕೆಳಗೆ. 1.3ರ ಹತ್ರ ಎರಡು ಕೋಡಿನ ಲ್ಯಾಕ್ಟೇಟ್, ಅದೇ ಜಾಗದಲ್ಲಿ ದಪ್ಪಗೆ ಲಿಪಿಡ್ ನಿಂತ್ಕೊಂಡ್ರೆ ಟಿಬಿ ಗಂಟಿನ ಅನುಮಾನ, ಯಾಕಂದ್ರೆ ಆ ಗಂಟಿನ ಒಳಗಿನ ಸತ್ತ ಭಾಗದಲ್ಲಿ ಕೊಬ್ಬಿನಂಶ ಜಾಸ್ತಿ. ನಮ್ಮ ದೇಶದಲ್ಲಿ ಈ ಕೊನೆಯದ್ದು ಪುಸ್ತಕದ ವಿಷಯ ಅಲ್ಲ, ದಿನಾ ಬರೋ ಕೇಸು. 2012ರಿಂದೀಚೆಗೆ ಇನ್ನೊಂದು ಸೇರ್ಕೊಂಡಿದೆ, ಐಡಿಎಚ್ ಅನ್ನೋ ಜೀನಲ್ಲಿ ಮ್ಯುಟೇಶನ್ ಇರೋ ಗ್ಲಿಯೋಮಾ ಅನ್ನೋ ಮೆದುಳಿನ ಗಡ್ಡೆಗಳಲ್ಲಿ 2-ಎಚ್‌ಜಿ ಅನ್ನೋ ವಸ್ತು ಜಮಾ ಆಗತ್ತೆ, ಅದನ್ನ ತಲೆ ತೆರೀದೇನೇ ಸ್ಪೆಕ್ಟ್ರಮ್‌ನಲ್ಲಿ ನೋಡಬಹುದು.

ಇದೆಲ್ಲ ಕೇಳಕ್ಕೆ ಚೆಂದ. ತೊಂದರೆ ಏನಂದ್ರೆ ಈ ವಸ್ತುಗಳು ಇರೋದೇ ಚಿಟಿಕೆಯಷ್ಟು. ಎನ್‌ಎಎ ಮೆದುಳಲ್ಲಿ ಸುಮಾರು 10 ಮಿಲಿಮೋಲಾರ್, ಕೋಲೀನ್ ಒಂದೆರಡು ಮಿಲಿಮೋಲಾರ್. ಪಕ್ಕದಲ್ಲೇ ನೀರು, ಹೈಡ್ರೋಜನ್ ಲೆಕ್ಕದಲ್ಲಿ ಇವಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. ತಮಟೆ ಬಡೀತಿರೋ ಪಕ್ಕದಲ್ಲಿ ನಿಂತು ಇನ್ಯಾರದೋ ಗೆಜ್ಜೆ ಸದ್ದು ಕೇಳಿಸ್ಕೊಂಡಂಗೆ. ನೀರನ್ನ ಮೊದ್ಲೇ ಅದುಮಿ ಹಾಕೋ ಪಲ್ಸ್ ಕೊಡ್ತಾರೆ, ಆದ್ರೂ ಉಳಿದ ಸಿಗ್ನಲ್ ತೀರಾ ಸಣ್ಣದು, ಅದಕ್ಕೇ ಮಾಮೂಲಿ ಎಂಆರ್‌ಐ ಒಂದು ಮಿಲಿಮೀಟರ್ ಘನದ ಚುಕ್ಕಿಗಳಲ್ಲಿ ಚಿತ್ರ ಬಿಡಿಸಿದ್ರೆ ಇದು ಒಂದು ಸೆಂಟಿಮೀಟರ್ ಘನದ ಇಟ್ಟಿಗೆಗಳಲ್ಲಿ ಬಿಡಿಸತ್ತೆ. ಒಂದು ಇಟ್ಟಿಗೆಯಲ್ಲಿ ಸಾವಿರ ಚುಕ್ಕಿ.

ಇನ್ನು ನಿಧಾನ ಯಾಕೆ ಅಂತ. ಮಾಮೂಲಿ ಎಂಆರ್‌ಐಯಲ್ಲಿ ಸಿಗ್ನಲ್ ಓದೋವಾಗ ಗ್ರೇಡಿಯೆಂಟ್ ಆನ್ ಇರತ್ತೆ, ಅಂದ್ರೆ ಎಡದಿಂದ ಬಲಕ್ಕೆ ಮ್ಯಾಗ್ನೆಟ್ ಬಲ ಸ್ವಲ್ಪ ಸ್ವಲ್ಪ ಏರ್ತಾ ಹೋಗತ್ತೆ, ಹಾಗಾಗಿ ಫ್ರೀಕ್ವೆನ್ಸಿ ನೋಡಿ ಜಾಗ ಹೇಳಬಹುದು, ಒಂದೇ ಓದಿಗೆ ಒಂದು ಇಡೀ ಸಾಲು ಸಿಕ್ಕಿಬಿಡತ್ತೆ. ಸ್ಪೆಕ್ಟ್ರೋಸ್ಕೋಪಿಯಲ್ಲಿ ಆ ಸೌಲಭ್ಯ ಇಲ್ಲ, ಫ್ರೀಕ್ವೆನ್ಸಿಯನ್ನ ಆಗ್ಲೇ ಕೆಮಿಸ್ಟ್ರಿ ಬುಕ್ ಮಾಡ್ಕೊಂಡಿದೆ, ಅದರ ಮೇಲೆ ಜಾಗದ ಲೆಕ್ಕಾನೂ ಹಾಕಿದ್ರೆ ಕೋಲೀನ್ ಯಾವ್ದು ಎಡಗಡೆ ಯಾವ್ದು ಅಂತ ಗೊತ್ತಾಗಲ್ಲ. ಹಾಗಾಗಿ ಓದೋವಾಗ ಗ್ರೇಡಿಯೆಂಟ್ ಆಫ್, ಓದೋ ಮುಂಚೆ ಗ್ರೇಡಿಯೆಂಟಿನ ಒಂದು ಸಣ್ಣ ತಟ್ಟು, ಅದನ್ನ ಪ್ರತಿ ಸಲ ಬೇರೆ ಬೇರೆ ಅಳತೆಯಲ್ಲಿ ತಟ್ಟಿ ತಟ್ಟಿ ಜಾಗದ ಲೆಕ್ಕ ತೆಗೀಬೇಕು. 1982ರಲ್ಲಿ ಬ್ರೌನ್, ಕಿಂಕೇಡ್, ಉಗುರ್‌ಬಿಲ್ ಮೂವರೂ ಬರೆದಿಟ್ಟ ದಾರಿ ಇದು, ಇವತ್ತಿಗೂ ಎಷ್ಟೋ ಮಷೀನಲ್ಲಿ ಇದೇ ಓಡ್ತಿರೋದು.

ಲೆಕ್ಕ ಹಾಕಿ ನೋಡಿ. 16 ಅಡ್ಡ, 16 ಉದ್ದ ಚೌಕ ಬೇಕು ಅಂದ್ರೆ 256 ಸಲ ತಟ್ಟಬೇಕು, ಒಂದೊಂದು ಸಲಕ್ಕೆ ಒಂದೂವರೆ ಸೆಕೆಂಡ್ ಅಂದ್ರೆ ಆರೂವರೆ ನಿಮಿಷದ ಹತ್ರ. ತಡ್ಕೋಬಹುದು. 32 × 32 ಬೇಕಾ, 1024 ಸಲ, ಹೆಚ್ಚುಕಮ್ಮಿ 26 ನಿಮಿಷ. ಒಂದು ಸ್ಲೈಸ್ ಸಾಲಲ್ಲ ಎಂಟು ಸ್ಲೈಸ್ ಬೇಕು ಅಂದ್ರೆ ಮೂರು ಗಂಟೆ ದಾಟತ್ತೆ. ಮೂರು ಗಂಟೆ ಅಲುಗಾಡದೆ ಮಲಗೋದು ಶ್ರವಣಬೆಳಗೊಳದ ಗೊಮ್ಮಟನ ಕೈಲಿ ಆಗಬಹುದೇನೋ, ನಿಂತ್ಕೊಂಡು ಅಭ್ಯಾಸ ಬೇರೆ ಇದೆ, ನಮ್ಮ ದೊಡ್ಡಪ್ಪನ ಕೈಲಂತೂ ಆಗಲ್ಲ.

ಈಗ ಕಾಯಿಲ್ ಅರೇ ವಿಷಯಕ್ಕೆ ಬರಣ. ತಲೆಗೆ ಹಾಕ್ತಾರಲ್ಲ ಆ ಹೆಲ್ಮೆಟ್ ಪಂಜರ, ಅದರೊಳಗೆ ಮೊದಲೆಲ್ಲ ಇಡೀ ತಲೆ ಸುತ್ತೋ ಒಂದೇ ದೊಡ್ಡ ಆಂಟೆನಾ ಇರ್ತಿತ್ತು. 1990ರಲ್ಲಿ ಜಿಇ ಕಂಪನಿಯ ಲ್ಯಾಬಿನ ರೋಮರ್ ಮತ್ತವರ ಜೊತೆಗಾರರು, ಒಂದು ದೊಡ್ಡದ್ರ ಬದಲು ಸುಮಾರು ಸಣ್ಣ ಸಣ್ಣ ಬಳೆ ಥರದ ಕಾಯಿಲ್ ಪಕ್ಕ ಪಕ್ಕ ಇಟ್ಟು, ಒಂದಕ್ಕೊಂದು ಸ್ವಲ್ಪ ಮೇಲೇರಿಸಿ ಕೂರಿಸಿ, ಪ್ರತಿಯೊಂದಕ್ಕೂ ಬೇರೆ ಆಂಪ್ಲಿಫಯರ್ ಕೊಟ್ರೆ ಏನಾಗತ್ತೆ ಅಂತ ತೋರಿಸಿದ್ರು. ಸಣ್ಣ ಕಾಯಿಲ್ ತನ್ನ ಪಕ್ಕದ್ದನ್ನ ಮಾತ್ರ ಜೋರಾಗಿ ಕೇಳಿಸ್ಕೊಳ್ಳತ್ತೆ, ದೂರದ ನಾಯ್ಸ್ ಅದರ ಕಿವಿಗೆ ಬೀಳಲ್ಲ. ಎಲ್ಲಾನೂ ಸರಿಯಾಗಿ ಕೂಡಿಸಿದ್ರೆ ದೊಡ್ಡ ಕಾಯಿಲ್‌ಗಿಂತ ಸಿಗ್ನಲ್ ಎಷ್ಟೋ ಶುದ್ಧ. ಇದನ್ನ ಗಮನದಲ್ಲಿಟ್ಕೊಳ್ಳಿ: ಅರೇ ಹುಟ್ಟಿದ್ದು ಸ್ಪೀಡಿಗಲ್ಲ, ಸಿಗ್ನಲ್ ಶುದ್ಧ ಆಗ್ಲಿ ಅಂತ. ಸ್ಪೀಡ್ ಆಮೇಲೆ ಹೊಳೆದಿದ್ದು.

ಹೆಂಗೆ ಹೊಳೀತು ಅಂದ್ರೆ, ಮದುವೆ ಮನೆ ನೆನೆಸ್ಕೊಳ್ಳಿ. ಅಡುಗೆ ಮನೆ ಬಾಗಿಲಲ್ಲಿ ಚಿಕ್ಕಮ್ಮ ಕೂತಿದಾರೆ, ಮುಂಬಾಗಿಲಲ್ಲಿ ಮಾವ ಕೂತಿದಾರೆ. ಅಡುಗೆ ಭಟ್ಟರ ಜಗಳ, ಬೀಗರ ಮಾತು ಎರಡೂ ಇಬ್ರಿಗೂ ಕೇಳಿಸತ್ತೆ, ಆದ್ರೆ ಚಿಕ್ಕಮ್ಮಂಗೆ ಜಗಳ ಜೋರು, ಮಾವಂಗೆ ಬೀಗರ ಮಾತು ಜೋರು. ರಾತ್ರಿ ಇಬ್ರನ್ನೂ ಕೂರಿಸಿ ಕೇಳಿದ್ರೆ ಎಲ್ಲಿ ಏನು ನಡೀತು ಅಂತ ಬಿಡಿಸಿ ಹೇಳಬಹುದು. ಕಾಯಿಲ್ ಇರೋ ಜಾಗಾನೇ ಮಾಹಿತಿ.

ಎಂಆರ್‌ಐಯಲ್ಲಿ ತಟ್ಟುಗಳನ್ನ ಅರ್ಧಕ್ಕೆ ಇಳಿಸಿದ್ರೆ ಚಿತ್ರ ಮಡಚ್ಕೊಂಡುಬಿಡತ್ತೆ, ಪತ್ರಿಕೆ ಹಾಳೆ ಮಧ್ಯಕ್ಕೆ ಮಡಚಿ ಬೆಳಕಿಗೆ ಹಿಡಿದಂಗೆ, ಮೇಲಿನ ಅರ್ಧ ಕೆಳಗಿನ ಅರ್ಧದ ಮೇಲೆ. ಒಂದೇ ಕಾಯಿಲ್ ಇದ್ರೆ ಬಿಡಿಸೋಕೆ ದಾರಿನೇ ಇಲ್ಲ. ಎರಡಿದ್ರೆ ಹೈಸ್ಕೂಲ್ ಗಣಿತ. ಮೇಲಿನ ಜಾಗದ ನಿಜವಾದ ಸಿಗ್ನಲ್ 6, ಕೆಳಗಿನದು 5 ಅಂತಿಟ್ಕೊಳ್ಳಿ, ಅದು ನಮಗೆ ಗೊತ್ತಿಲ್ಲ. ಮೊದಲ ಕಾಯಿಲ್ ಮೇಲಿನದನ್ನ 0.9ರಷ್ಟು, ಕೆಳಗಿನದನ್ನ 0.2ರಷ್ಟು ಕೇಳಿಸ್ಕೊಳ್ಳತ್ತೆ, ಅದಕ್ಕೆ ಸಿಕ್ಕ ಒಟ್ಟು ಮೊತ್ತ 6.4. ಎರಡನೇದು 0.3 ಮತ್ತು 0.8, ಅದಕ್ಕೆ ಸಿಕ್ಕಿದ್ದು 5.8. ಎರಡು ಸಮೀಕರಣ, ಎರಡು ಗೊತ್ತಿಲ್ಲದ್ದು, ಬಿಡಿಸಿದ್ರೆ 6 ಮತ್ತು 5 ವಾಪಸ್ ಬರತ್ತೆ. 1997ರಲ್ಲಿ ಸೋಡಿಕ್ಸನ್ ಮತ್ತು ಮ್ಯಾನಿಂಗ್ ಸ್ಮ್ಯಾಶ್ ಅಂತ ಒಂದು ವಿಧಾನ ತಂದ್ರು, 1999ರಲ್ಲಿ ಜ್ಯೂರಿಕ್‌ನ ಪ್ರೂಸ್‌ಮನ್ ಬಳಗ ಸೆನ್ಸ್ ಅಂತ ತಂದ್ರು, ನಾನು ಈಗ ಹೇಳಿದ್ದು ಆ ಸೆನ್ಸ್‌ನ ಎಳೆ. 2002ರಲ್ಲಿ ಗ್ರಿಸ್‌ವೋಲ್ಡ್ ಮತ್ತಿತರರ ಗ್ರಾಪ್ಪಾ ಬಂತು, ಅದು ಮಡಚಿದ ಚಿತ್ರ ಬಿಡಿಸೋದ್ರ ಬದಲು ಬಿಟ್ಟುಹೋದ ತಟ್ಟುಗಳನ್ನೇ ಪಕ್ಕದವನ್ನ ನೋಡಿ ತುಂಬತ್ತೆ.

2001ರಲ್ಲಿ ಅದೇ ಜ್ಯೂರಿಕ್‌ನಲ್ಲಿ ಡೈಡಾಕ್ ಅನ್ನೋರು ಇದನ್ನ ಸ್ಪೆಕ್ಟ್ರೋಸ್ಕೋಪಿಗೆ ತಂದ್ರು. ಇಲ್ಲಿ ಒಂದು ಅನುಕೂಲ ಇದೆ ನೋಡಿ, ಸ್ಪೆಕ್ಟ್ರೋಸ್ಕೋಪಿ ಮ್ಯಾಪಲ್ಲಿ ಅಡ್ಡಾನೂ ತಟ್ಟೇ ಉದ್ದಾನೂ ತಟ್ಟೇ, ಹಾಗಾಗಿ ಎರಡೂ ಕಡೆ ಅರ್ಧರ್ಧ ಇಳಿಸಬಹುದು, ಎರಡೆರಡ್ಲಿ ನಾಲ್ಕು. ನಾಲ್ಕು ಪಟ್ಟು ಬೇಗ ಅನ್ನೋ ಮಾತು ಬಂದಿದ್ದು ಇಲ್ಲಿಂದ. 26 ನಿಮಿಷದ್ದು ಆರೂವರೆ ನಿಮಿಷಕ್ಕೆ ಬಂತು.

ಇನ್ನೊಂದು ದಾರಿ ಬೇರೆ ಕಡೆಯಿಂದ ಬರ್ತಿತ್ತು. 1984ರಲ್ಲೇ ಮ್ಯಾನ್ಸ್‌ಫೀಲ್ಡ್, ಓದೋವಾಗ ಗ್ರೇಡಿಯೆಂಟ್ ಪೂರ್ತಿ ಆಫ್ ಯಾಕೆ ಮಾಡ್ತೀರ, ಅದನ್ನ ಜೋರಾಗಿ ಆ ಕಡೆ ಈ ಕಡೆ ತೂಗಿ, ಪ್ರತಿ ತೂಗಿಗೆ ಒಂದು ಸಾಲು ಜಾಗ ಸಿಗತ್ತೆ, ತೂಗಿಂದ ತೂಗಿಗೆ ಆಗೋ ಬದಲಾವಣೆಯಲ್ಲಿ ಕೆಮಿಸ್ಟ್ರಿ ಸಿಗತ್ತೆ ಅಂತ ಹೇಳಿದ್ರು. ಎಕೋ ಪ್ಲೇನಾರ್ ಅಂತಾರೆ, ಒಳಗೆ ಮಲಗಿದೋರಿಗೆ ಹಳೇ ಟಿವಿಎಸ್ ಹಾರ್ನ್ ಅಮುಕಿ ಹಿಡ್ಕೊಂಡಂಗೆ ಕೇಳಿಸತ್ತೆ. ಇದನ್ನ 1990ರ ದಶಕದಲ್ಲಿ ಸ್ಟೀಫನ್ ಪೊಸೆ ಮನುಷ್ಯರ ಮೆದುಳಿಗೆ ತಂದು ಪೆಪ್ಸಿ ಅಂತ ಹೆಸರಿಟ್ರು, ಹೌದು ಕುಡಿಯೋ ಪೆಪ್ಸಿ ಥರಾನೇ ಹೆಸರು. ಇದ್ರಲ್ಲಿ ಒಂದು ಕಡೆಯ ತಟ್ಟು ಪೂರ್ತಿ ಉಳಿತಾಯ ಆಯ್ತು, 32 × 32ಕ್ಕೆ 1024ರ ಬದಲು ಬರೀ 32 ತಟ್ಟು, ಎರಡು ಸೆಕೆಂಡಿಗೊಂದು ಅಂದ್ರೂ ಒಂದು ನಿಮಿಷ ನಾಲ್ಕು ಸೆಕೆಂಡ್. ಕೊನೆಗೆ 2007ರಲ್ಲಿ ಬಾಸ್ಟನ್ನಿನ ಫಾ-ಶುವಾನ್ ಲಿನ್, ಲಾರೆನ್ಸ್ ವಾಲ್ಡ್ ಇವರ ಜೊತೆ ಪೊಸೆ ಸೇರಿ ಎರಡೂ ದಾರಿ ಕೂಡಿಸಿದ್ರು, ಎಂಟು ಚಾನೆಲ್‌ನ (ಅಂದ್ರೆ ಎಂಟು ಸಣ್ಣ ಕಾಯಿಲ್ ಇರೋ) ಹೆಡ್ ಕಾಯಿಲ್, 3 ಟೆಸ್ಲಾ ಮತ್ತು 4 ಟೆಸ್ಲಾ ಮ್ಯಾಗ್ನೆಟ್, ಪೆಪ್ಸಿ ಮೇಲೆ ಸೆನ್ಸ್. ಒಂದು ಸ್ಲೈಸಿನ ಮ್ಯಾಪು 32 ಸೆಕೆಂಡಿಗೆ, ಅದಕ್ಕಿಂತ ಕಮ್ಮಿಗೂ.

32 ಸೆಕೆಂಡ್! ದೊಡ್ಡಪ್ಪ ಅಷ್ಟೊತ್ತು ಉಸಿರೇ ಬಿಗಿ ಹಿಡಿದಿರ್ತಿದ್ರು.

ಈಗ ಬಿಲ್ ನೋಡಣ. ಆ 2007ರ ಪೇಪರಿನವರೇ ಪ್ರಾಮಾಣಿಕವಾಗಿ ಹೇಳಿದಾರೆ, ಸಿಗ್ನಲ್ ಶುದ್ಧತೆ ಕಮ್ಮಿ ಆಯ್ತು, ಎಷ್ಟು ಕಮ್ಮಿ ಆಯ್ತು ಅನ್ನೋದು ಎರಡು ಕಾರಣದಿಂದ ಸರಿಯಾಗಿ ಲೆಕ್ಕಕ್ಕೆ ಕೂರತ್ತೆ ಅಂತ. ಮೊದಲನೇ ಕಾರಣ ಬರೀ ಸಮಯ. ಸಿಗ್ನಲ್ಲಿಗೂ ನಾಯ್ಸಿಗೂ ಇರೋ ಅನುಪಾತ ಸಮಯದ ವರ್ಗಮೂಲದ ಜೊತೆ ಓಡತ್ತೆ, ನಾಲ್ಕನೇ ಒಂದು ಭಾಗ ಸಮಯ ಕೊಟ್ರೆ ಶುದ್ಧತೆ ಅರ್ಧ. ಇದಕ್ಕೆ ಯಾವ ಬುದ್ಧಿವಂತಿಕೆಯೂ ಇಲ್ಲ, ಇದು ಪ್ರಕೃತಿ ಹಾಕೋ ಜಿಎಸ್‌ಟಿ. ಮಾಮೂಲಿ ಎಂಆರ್‌ಐಯಲ್ಲಿ ಸಿಗ್ನಲ್ ಧಾರಾಳ ಇರತ್ತೆ, ಅರ್ಧ ಕಳ್ಕೊಂಡ್ರೂ ಚಿತ್ರ ಚೆನ್ನಾಗೇ ಕಾಣತ್ತೆ, ಅದಕ್ಕೇ ಪ್ಯಾರಲಲ್ ಇಮೇಜಿಂಗ್ (ಈ ಮಡಚಿ ಬಿಡಿಸೋ ದಾರಿಗೆ ಇರೋ ಹೆಸರು) ಅಲ್ಲಿ ಇವತ್ತು ಮಾತೇ ಆಡದಷ್ಟು ಮಾಮೂಲಾಗಿದೆ. ಸ್ಪೆಕ್ಟ್ರೋಸ್ಕೋಪಿ ಮೊದಲೇ ತಿಂಗಳ ಕೊನೆ ವಾರದ ಸಂಸಾರ, ಅದರಲ್ಲಿ ಅರ್ಧ ಕಿತ್ಕೊಂಡ್ರೆ ಏನು ಉಳೀತು.

ಎರಡನೇ ಕಾರಣ ಜಿ-ಫ್ಯಾಕ್ಟರ್, ಅಂದ್ರೆ ಮಡಚಿದ್ದನ್ನ ಬಿಡಿಸೋವಾಗ ನಾಯ್ಸ್ ಎಷ್ಟು ಪಟ್ಟು ಉಬ್ಬತ್ತೆ ಅನ್ನೋ ಲೆಕ್ಕ. ಮೇಲಿನ ಗಣಿತಕ್ಕೆ ವಾಪಸ್ ಬನ್ನಿ. ಎರಡನೇ ಕಾಯಿಲ್ 5.8ರ ಬದಲು ನಾಯ್ಸಿಂದ 5.85 ಓದಿತು ಅಂತಿಟ್ಕೊಳ್ಳಿ. ಉತ್ತರ ಸುಮಾರು 5.98 ಮತ್ತು 5.07 ಬರತ್ತೆ, ಏನೂ ತೊಂದರೆ ಇಲ್ಲ. ಈಗ ಎರಡೂ ಕಾಯಿಲ್ ಹೆಚ್ಚುಕಮ್ಮಿ ಒಂದೇ ಥರ ಕೇಳಿಸ್ಕೊಳ್ಳೋ ಜಾಗಕ್ಕೆ ಹೋಗಿ, ಒಂದು 0.6 ಮತ್ತು 0.5, ಇನ್ನೊಂದು 0.5 ಮತ್ತು 0.45. ನಿಜವಾದ ಸಿಗ್ನಲ್ ಅದೇ 6 ಮತ್ತು 5, ಓದಬೇಕಾದ್ದು 6.1 ಮತ್ತು 5.25. ಎರಡನೇದು ಅದೇ 0.05 ತಪ್ಪಿ 5.3 ಓದಿದ್ರೆ ಉತ್ತರ ಏನು ಗೊತ್ತಾ? 4.75 ಮತ್ತು 6.5. ಜಾಸ್ತಿ ಇದ್ದಿದ್ದು ಕಮ್ಮಿ ಆಯ್ತು, ಕಮ್ಮಿ ಇದ್ದಿದ್ದು ಜಾಸ್ತಿ. ಅಂದ್ರೆ ಎನ್‌ಎಎ ಬಿದ್ದಿಲ್ಲದ ಕಡೆ ಬಿದ್ದಿದೆ ಅಂತ ಮ್ಯಾಪು ಹೇಳತ್ತೆ. ನಾನು ಇದನ್ನ ಕ್ಯಾಲ್ಕುಲೇಟರ್‌ನಲ್ಲಿ ಮಾಡಿ ನೋಡಿದಾಗ್ಲೇ ಜಿ-ಫ್ಯಾಕ್ಟರ್ ಅನ್ನೋದು ತಲೆಗೆ ಹೋಗಿದ್ದು, ಅಲ್ಲಿವರೆಗೂ ಬರೀ ಒಂದು ಅಕ್ಷರ ಆಗಿತ್ತು.

ಇಂಥ ಜಾಗ ತಲೆಯಲ್ಲಿ ಎಲ್ಲಿರತ್ತೆ? ನಡುವಲ್ಲಿ. ಎಲ್ಲಾ ಕಾಯಿಲ್‌ಗೂ ಸಮ ದೂರ, ಎಲ್ಲಾನೂ ಒಂದೇ ಥರ ಕೇಳಿಸ್ಕೊಳ್ತವೆ. ಮತ್ತೆ ಸಣ್ಣ ಕಾಯಿಲ್‌ಗಳ ಶುದ್ಧ ಸಿಗ್ನಲ್‌ನ ಲಾಭ ಎಲ್ಲಿ ಜಾಸ್ತಿ? ಅಂಚಲ್ಲಿ, ತಲೆಬುರುಡೆ ಪಕ್ಕದ ಕಾರ್ಟೆಕ್ಸ್‌ನಲ್ಲಿ. ನಡುವಿನ ಥಲಾಮಸ್, ಬೇಸಲ್ ಗ್ಯಾಂಗ್ಲಿಯಾಗೆ ಲಾಭಾನೂ ಕಮ್ಮಿ, ದಂಡಾನೂ ಜಾಸ್ತಿ. 2006ರಲ್ಲಿ ಬಾಸ್ಟನ್‌ನಲ್ಲಿ ಗ್ರಹಾಂ ವಿಗಿನ್ಸ್ ಮತ್ತಿತರರು ಫುಟ್‌ಬಾಲ್ ಚೆಂಡಿನ ಹೊಲಿಗೆ ಥರ ಜೋಡಿಸಿದ 32 ಚಾನೆಲ್ ಹೆಲ್ಮೆಟ್ ಮಾಡಿದ್ರು, ಈಗ ಒಳ್ಳೊಳ್ಳೆ 3 ಟೆಸ್ಲಾ ಸೆಂಟರ್‌ಗಳಲ್ಲಿ ಇಂಥದ್ದೇ ಇರತ್ತೆ. 32 ಬಂದ್ಮೇಲೆ ಜಿ-ಫ್ಯಾಕ್ಟರ್ ಎಷ್ಟೋ ಸುಧಾರಿಸಿತು, ನಡುವಿನ ಕಷ್ಟ ಮಾತ್ರ ಪೂರ್ತಿ ಹೋಗಲ್ಲ, ಅದು ಕಾಯಿಲ್ ಎಷ್ಟು ಅನ್ನೋದಲ್ಲ, ದೂರದ ಪ್ರಶ್ನೆ.

ಹಂಗಾಗಿ ನನ್ನ ಲೆಕ್ಕದಲ್ಲಿ ಕಾಯಿಲ್ ಅರೇ ಅಂದ್ರೆ ಸಂಬಳ ಏರಿದಂಗೆ, ಸ್ಪೀಡ್ ಅಂದ್ರೆ ಆ ಏರಿಕೆ ನಂಬ್ಕೊಂಡು ತಗೊಂಡ ಇಎಂಐ. ಏರಿದ್ದು ಎಷ್ಟೋ ಅಷ್ಟರೊಳಗೆ ಇಎಂಐ ಇದ್ರೆ ಸಂಸಾರ ನಡೀತದೆ. ಎಂಟು ಪಟ್ಟು ಬೇಗ ಅಂತ ಯಾರಾದ್ರೂ ಹೇಳಿದ್ರೆ ಇಟ್ಟಿಗೆ ಎಷ್ಟು ದೊಡ್ಡದು, ಎಷ್ಟು ಟೆಸ್ಲಾ, ಯಾವ ಜಾಗ ಅಂತ ಕೇಳ್ಬೇಕು.

ಇಷ್ಟೇ ಆಗಿದ್ರೆ ಪರವಾಗಿಲ್ಲ. ಇದಕ್ಕಿಂತ ದೊಡ್ಡ ತಲೆನೋವು ಒಂದಿದೆ, ಅಕ್ಷರಶಃ ತಲೆಯದ್ದೇ, ನೆತ್ತಿ ಚರ್ಮದ ಕೆಳಗಿನ ಕೊಬ್ಬು. ತಲೆ ಸುತ್ತ ಒಂದು ಉಂಗುರದ ಥರ ಇರತ್ತೆ, ಅದರ ಸಿಗ್ನಲ್ ಮೆದುಳಿನ ವಸ್ತುಗಳಿಗಿಂತ ನೂರಾರು ಸಾವಿರಾರು ಪಟ್ಟು ಜೋರು. ಚಿತ್ರ ಮಡಚಿದಾಗ ಈ ಉಂಗುರ ಬಂದು ಮೆದುಳಿನ ನಟ್ಟನಡುವೆ ಕಮಾನಿನ ಥರ ಕೂರತ್ತೆ. ಬಿಡಿಸೋವಾಗ ಕಾಯಿಲ್ ಎಷ್ಟು ಕೇಳಿಸ್ಕೊಳ್ಳತ್ತೆ ಅನ್ನೋ ಲೆಕ್ಕ ನೂರಕ್ಕೆ ಒಂದು ತಪ್ಪಿದ್ರೂ, ಸಾವಿರಕ್ಕೆ ನೂರನೇ ಒಂದು ಭಾಗ ಅಂದ್ರೆ ಹತ್ತು, ಅಂದ್ರೆ ಎನ್‌ಎಎಗಿಂತ ಹತ್ತು ಪಟ್ಟು ಕೊಬ್ಬು ಅಲ್ಲೇ ಉಳ್ಕೊಳ್ಳತ್ತೆ. ಅದು ನಿಲ್ಲೋದೆಲ್ಲಿ? 1.3 ಪಿಪಿಎಂ ಹತ್ರ, ಟಿಬಿ ಗಂಟಿನ ಲಿಪಿಡ್ ಹುಡುಕೋ ಅದೇ ಜಾಗದಲ್ಲಿ. ನಮ್ಮಲ್ಲಿ ಇದು ಯಾಕೆ ಸೂಕ್ಷ್ಮ ಅಂತ ಬೇರೆ ಹೇಳಬೇಕಾಗಿಲ್ಲ ಅನ್ಸತ್ತೆ.

ತಪ್ಪು ಎಲ್ಲಿಂದ ಬರತ್ತೆ ಅಂದ್ರೆ ಇಟ್ಟಿಗೆ ದೊಡ್ಡದಾಗಿರೋದ್ರಿಂದಾನೇ. ಒಂದು ಸೆಂಟಿಮೀಟರ್ ಒಳಗೆ ಕಾಯಿಲ್‌ನ ಕೇಳೋ ಶಕ್ತಿ ಒಂದೇ ಸಮ ಇರಲ್ಲ, ನೆತ್ತಿ ಪಕ್ಕದಲ್ಲಂತೂ ಇಳಿಜಾರು, ನಾವು ಇಡೀ ಇಟ್ಟಿಗೆಗೆ ಒಂದೇ ನಂಬರ್ ಹಾಕ್ತೀವಿ. ಮೇಲಿಂದ ಒರಟು ಮ್ಯಾಪಲ್ಲಿ ಒಂದು ಇಟ್ಟಿಗೆಯ ಸಿಗ್ನಲ್ ಪಕ್ಕದ ಇಟ್ಟಿಗೆಗೂ ಸೋರ್ತಿರತ್ತೆ. ಅದಕ್ಕೇ ಓದೋ ಮುಂಚೆ ಚಿತ್ರದ ಮೇಲೆ ಪಟ್ಟಿ ಹಾಕಿ, ಆ ಪಟ್ಟಿಯೊಳಗಿನ ಸಿಗ್ನಲ್ ಸಾಯಿಸೋ ಪಲ್ಸ್ ಕೊಟ್ಟು, ನೆತ್ತಿ ಕೊಬ್ಬನ್ನ ಮೊದ್ಲೇ ಅದುಮ್ತಾರೆ, ಟೆಕ್ನಿಷಿಯನ್ ಕನ್ಸೋಲ್ ಮುಂದೆ ಕೂತು ತಲೆಬುರುಡೆ ಸುತ್ತ ಆರೆಂಟು ಪಟ್ಟಿ ಒಂದೊಂದಾಗಿ ಓರೆ ಮಾಡಿ ಕೂರಿಸೋದು ನೋಡಿದ್ರೆ ರಂಗೋಲಿ ಹಾಕ್ದಂಗಿರತ್ತೆ, ಆದ್ರೆ ಆ ರಂಗೋಲಿಗೇ ಐದು ನಿಮಿಷ. ಆಮೇಲೆ ಶಿಮ್ಮಿಂಗ್, ಅಂದ್ರೆ ಮ್ಯಾಗ್ನೆಟ್ ಬಲ ಆ ಜಾಗದಲ್ಲಿ ಒಂದೇ ಸಮ ಮಾಡೋದು, ಅದು ಸರಿ ಹೋಗ್ಲಿಲ್ಲ ಅಂದ್ರೆ ಕೋಲೀನೂ ಕ್ರಿಯಾಟಿನ್ನೂ ಅಂಟ್ಕೊಂಡು ಒಂದೇ ದಿಬ್ಬ ಆಗತ್ತೆ. ಸ್ಕ್ಯಾನ್ 32 ಸೆಕೆಂಡ್ ಅಂತ ಪೇಪರ್ ಹೇಳೋವಾಗ ಈ ತಯಾರಿ ಅದ್ರಲ್ಲಿ ಬರಲ್ಲ, ದೊಡ್ಡಪ್ಪಂಗೆ ಮಾತ್ರ ಅದೂ ಸುರಂಗದೊಳಗಿನ ಸಮಯಾನೇ.

ಇನ್ನೊಂದು ಸಣ್ಣ ಆದ್ರೆ ಮೋಸದ ವಿಷಯ. 32 ಕಾಯಿಲ್‌ನಿಂದ 32 ಸ್ಪೆಕ್ಟ್ರಮ್ ಬರ್ತವೆ, ಒಂದೊಂದರ ಫೇಸ್, ಅಂದ್ರೆ ಅಲೆ ಏರೋ ಇಳಿಯೋ ಹೊತ್ತು, ಒಂದೊಂದು ಥರ ತಿರುಗಿರತ್ತೆ. ಹಂಗೇ ಕೂಡಿಸಿದ್ರೆ ಒಂದರ ಏರು ಇನ್ನೊಂದರ ಇಳಿತಕ್ಕೆ ಸರಿಹೋಗಿ ಸಿಗ್ನಲ್ ಸತ್ತೇ ಹೋಗತ್ತೆ, 32 ಜನ ಭಜನೆಗೆ ಕೂತು 32 ತಾಳ ಹಾಕ್ದಂಗೆ. ಇಲ್ಲಿ ನೀರು ಉಪಕಾರಕ್ಕೆ ಬರತ್ತೆ, ಅದುಮದೇ ಇರೋ ನೀರಿನ ಒಂದು ಚುಟುಕು ಸ್ಕ್ಯಾನ್ ತಗೊಂಡು ಅದರ ಫೇಸ್ ನೋಡಿ ಎಲ್ಲಾನೂ ಸಾಲಾಗಿ ನಿಲ್ಲಿಸಿ ಆಮೇಲೆ ಕೂಡಿಸ್ತಾರೆ. ಅಷ್ಟೊತ್ತು ಬೈದ ನೀರೇ ಕೊನೆಗೆ ತಾಳ ಹಾಕತ್ತೆ.

ಈಗ ಮುಂದಿನ ಓಟ ಎಲ್ಲಿದೆ ಅಂದ್ರೆ 7 ಟೆಸ್ಲಾದಲ್ಲಿ. ಮ್ಯಾಗ್ನೆಟ್ ಬಲ ಏರಿದಂಗೆ ಸಿಗ್ನಲ್ಲೂ ಏರತ್ತೆ, ಗೆರೆಗಳೂ ದೂರ ದೂರ ಸರೀತವೆ, ಕಾಯಿಲ್‌ಗಳ ಕೇಳೋ ಪರಿಯಲ್ಲೂ ವ್ಯತ್ಯಾಸ ಜಾಸ್ತಿ ಆಗಿ ಜಿ-ಫ್ಯಾಕ್ಟರ್ ಸುಧಾರಿಸತ್ತೆ, ಅಂದ್ರೆ ಸಂಬಳಾನೂ ಏರಿತು ಬಡ್ಡಿನೂ ಇಳೀತು. 2017ರಲ್ಲಿ ಅಮೆರಿಕದ ಎಫ್‌ಡಿಎ ಮೊದಲ 7 ಟೆಸ್ಲಾ ಮಷೀನಿಗೆ ಕ್ಲಿನಿಕ್ ಬಳಕೆಗೆ ಒಪ್ಪಿಗೆ ಕೊಡ್ತು. ವಿಯೆನ್ನಾದ ವೋಲ್ಫ್‌ಗಾಂಗ್ ಬೋಗ್ನರ್, ಗಿಲ್ಬರ್ಟ್ ಹಾಂಗೆಲ್ ಇವರ ಬಳಗ ಉಂಗುರ ಉಂಗುರವಾಗಿ ಓದೋ ವಿಧಾನದಲ್ಲಿ ಗ್ಲಿಯೋಮಾ ರೋಗಿಗಳ ಮೆದುಳನ್ನ 3.4 ಮಿಲಿಮೀಟರ್ ಇಟ್ಟಿಗೆಗಳಲ್ಲಿ ಸುಮಾರು 15 ನಿಮಿಷದಲ್ಲಿ ತೆಗೆದು ತೋರಿಸಿದಾರೆ. ಒಂದು ಸೆಂಟಿಮೀಟರ್ ಇಟ್ಟಿಗೆ ಜಾಗದಲ್ಲಿ ಇಂಥವು ಇಪ್ಪತ್ತೈದು ಹಿಡಿಸ್ತವೆ. ಇದ್ರಲ್ಲಿ ನಂಗೆ ಇಷ್ಟವಾಗಿದ್ದು ಏನಂದ್ರೆ ಸಿಕ್ಕಿದ್ದನ್ನೆಲ್ಲ ಸಮಯಕ್ಕೇ ಸುರೀಲಿಲ್ಲ, ಇಟ್ಟಿಗೆ ಚಿಕ್ಕದು ಮಾಡಕ್ಕೂ ಬಳಸಿದ್ರು. ಇಟ್ಟಿಗೆ ಚಿಕ್ಕದಾದ್ರೆ ನೆತ್ತಿ ಕೊಬ್ಬಿನ ಸೋರಿಕೆಯೂ ಕಮ್ಮಿ.

ಇಲಿನಾಯ್‌ನ ಝಿ-ಪೇ ಲಿಯಾಂಗ್ ಮತ್ತು ಫಾನ್ ಲ್ಯಾಮ್ ಇನ್ನೊಂದು ದಿಕ್ಕಲ್ಲಿ ಹೋದ್ರು, ಮೆದುಳಿನ ಸ್ಪೆಕ್ಟ್ರಮ್ ಅಂದ್ರೆ ಎಷ್ಟೇ ಆದ್ರೂ ಹತ್ತಿಪ್ಪತ್ತು ವಸ್ತುಗಳ ಬೆರಕೆ ತಾನೆ, ಆ ಬೆರಕೆಯ ಆಕಾರ ಮೊದ್ಲೇ ಗೊತ್ತಿದ್ರೆ ಕಮ್ಮಿ ಅಳತೆಯಲ್ಲೇ ಬಿಡಿಸಬಹುದು ಅಂತ. ಈಗ ಡೀಪ್ ಲರ್ನಿಂಗ್ ಬಂದು ನಾಯ್ಸ್ ತೆಗೆಯೋ ಕೆಲಸಾನೂ ಅದೇ ಹಾದಿಯಲ್ಲಿದೆ. ಇದ್ರ ಬಗ್ಗೆ ನಂಗೆ ಸ್ವಲ್ಪ ಅನುಮಾನ ಇದೆ. ನಾಯ್ಸಾದ್ರೂ ಗುಂಗುರು ಕೂದಲಾಗಿ ಕಾಣತ್ತೆ, ಓದಕ್ಕಾಗಲ್ಲ ಅಂತ ಡಾಕ್ಟ್ರು ಬರೀತಾರೆ. ಮೊದ್ಲೇ ನೋಡಿದ ಸ್ಪೆಕ್ಟ್ರಮ್‌ಗಳ ನೆನಪಲ್ಲಿ ತುಂಬಿಸಿದ ಗ್ರಾಫು ನಯವಾಗಿ ಕಾಣತ್ತೆ, ಎಲ್ಲೋ ಲಕ್ಷಕ್ಕೊಬ್ಬರಿಗೆ ಬರೋ ರೋಗದ ವಿಚಿತ್ರ ಗೆರೆ ಅದ್ರ ನೆನಪಲ್ಲಿ ಇಲ್ಲದಿದ್ರೆ ಅದನ್ನ ನಾಯ್ಸ್ ಅಂತ ಒರೆಸಿಬಿಟ್ರೂ ಗೊತ್ತಾಗಲ್ಲ.

ನಮ್ಮ ಕಡೆ ಸದ್ಯಕ್ಕೆ ಹೆಚ್ಚಿನ ಕಡೆ ಇರೋದು 1.5 ಮತ್ತು 3 ಟೆಸ್ಲಾ. ಕಾಯಿಲ್‌ಗೇನೂ ಬರ ಇಲ್ಲ, ಎಂಟು, ಹದಿನಾರು, ಇಪ್ಪತ್ತು ಚಾನೆಲ್ ಸಾಮಾನ್ಯ, ಆದ್ರೆ ಬೇಗ ಮ್ಯಾಪ್ ತೆಗೆಯೋ ಪ್ರೋಗ್ರಾಮ್‌ಗಳು ಬಹುತೇಕ ರಿಸರ್ಚ್‌ನವರ ಕೈಲಿ ಓಡ್ತವೆ, ಊರಿನ ಸ್ಕ್ಯಾನ್ ಸೆಂಟರಿನ ಮೆನುವಿನಲ್ಲಿ ಸಿಗೋದು ಕಂಪನಿ ಹಾಕಿಕೊಟ್ಟ ಹಳೇ 16 × 16. ಒಂದು ಸ್ಲಾಟಿಗೆ ಇಷ್ಟು ನಿಮಿಷ ಅಂತ ದಿನವಿಡೀ ಬುಕ್ ಆಗಿರೋ ಕಡೆ ಶಿಮ್ಮಿಂಗ್ ಸರಿ ಬರೋವರೆಗೂ ಕಾಯೋ ತಾಳ್ಮೆ ಯಾರಿಗಿರತ್ತೆ.

ದೊಡ್ಡಪ್ಪಂದು ಹದಿನೈದು ದಿನ ಬಿಟ್ಟು ಬೇರೆ ಕಡೆ ಮತ್ತೆ ಮಾಡಿಸಿದ್ವಿ. ಅಲ್ಲಿದ್ದ ಟೆಕ್ನಿಷಿಯನ್ ಹುಡುಗಿ ಹಳೇ ಫಿಲ್ಮ್ ನೋಡಿ, "ಅಂಕಲ್, ಮ್ಯಾಪೇ ಬೇಡ, ಒಂದೇ ಬಾಕ್ಸ್ ಇಡ್ತೀನಿ, ನಾಲ್ಕು ನಿಮಿಷ ಅಲ್ಲಾಡ್ಬೇಡಿ ಸಾಕು" ಅಂದ್ಲು. ಒಳಗೆ ಕಳಿಸೋ ಮುಂಚೆ ಬಿಸಿನೀರು ಕುಡಿಸಿದ್ಲು, ಕೆಮ್ಮಿ ಮುಗಿಸ್ಕೊಳ್ಳಿ ಅಂತ ಹೊರಗೆ ಕೂರಿಸಿದ್ಲು, ಐದು ನಿಮಿಷ ಕಾದ್ಲು. ಆ ಗೋಲಿ ಮೇಲೆ ಒಂದೇ ಒಂದು ವಾಕ್ಸೆಲ್ (ಅವಳು ಹೇಳಿದ ಬಾಕ್ಸು), ನೆತ್ತಿ ಕೊಬ್ಬಿಂದ ಒಂದು ಬೆರಳು ದೂರ ಸರಿಸಿ ಇಟ್ಟು 128 ಸಲ ಓದಿಸಿದ್ಲು. ಅರೇ ಇತ್ತು, ಆದ್ರೆ ಅದರ ಲಾಭಾನೆಲ್ಲ ಸ್ಪೀಡಿಗೆ ಕೊಡದೆ ಆ ಒಂದು ಗ್ರಾಫಿಗೇ ಸುರಿದ್ಲು. ಗ್ರಾಫು ಬಂತು, ನೆಟ್ಟಗೆ, ಕೋಲೀನ್ ಅಂಥಾ ಏರಿರಲಿಲ್ಲ, 1.3ರಲ್ಲಿ ಒಂದು ದಪ್ಪ ಲಿಪಿಡ್ ದಿಬ್ಬ. ಡಾಕ್ಟ್ರು ಅದನ್ನ ಎದೆ ಎಕ್ಸ್‌ರೇ ಪಕ್ಕ ಇಟ್ಕೊಂಡು ಸ್ವಲ್ಪ ಹೊತ್ತು ನೋಡಿದ್ರು, ಆಮೇಲೆ ಇನ್ನೂ ಎರಡು ಟೆಸ್ಟಿಗೆ ಚೀಟಿ ಬರೆದ್ರು.